ಹುಣಸೆ ಸಾಬರ ಏಳು ಬೆಳೆ

ದಸ್ತಗಿರಿ ಸಾಬರು ವ್ಯಾಪಾರ ಮಾಡುತ್ತಿದ್ದದ್ದು ಅಂಗಾತ ಮಲಗಿ. ಹುಣಸೆ ಮರದ ಬುಡದಲ್ಲಿ ಟವೆಲ್ ಹಾಸಿ, ಟೋಪಿ ತೆಗೆದು ಎದೆಯ ಮೇಲಿಟ್ಟುಕೊಂಡು, ಕೊಂಬೆಗಳನ್ನೇ ನೋಡುತ್ತಾ ಮಲಗಿಬಿಡುತ್ತಿದ್ದರು. ಗೊತ್ತಿಲ್ಲದವರು ಯಾರಿಗೋ ಏನೋ ಆಗಿದೆ ಎಂದು ನೀರು ತಂದದ್ದೂ ಉಂಟು. ಆಮೇಲೆ ಎದ್ದು, ಬೆನ್ನು ಕೊಡವಿಕೊಂಡು, ಇಷ್ಟು ಮೂಟೆ ಹಣ್ಣು ಇಳಿಯುತ್ತದೆ ಎನ್ನುತ್ತಿದ್ದರು. ಆ ಲೆಕ್ಕ ಸರಿಬಂದದ್ದು ಕಡಿಮೆ. ಮರ ಮನಸ್ಸಿಗೆ ಹಿಡಿಸಿತೆಂದರೆ ಎರಡು ಮೂಟೆ ಜಾಸ್ತಿಯೇ ಹೇಳಿ, ಅದಕ್ಕೂ ದುಡ್ಡು ಕೊಟ್ಟು ಬರುತ್ತಿದ್ದರು. ಜಗಳೂರಿನ ಉಳಿದ ಹುಣಸೆ ವ್ಯಾಪಾರಿಗಳು ನಗುತ್ತಿದ್ದರು.

ನನಗೆ ಅವರು ಸಿಕ್ಕಿದ್ದು ಜಗಳೂರು ಹತ್ತಿರದ ಸೊಕ್ಕೆಯಲ್ಲಿ. ಆಗ ನಾನು ಸಾಮಿಲ್‌ನವರಿಗೆ ಮರ ಕೊಯ್ದು ಕೊಡುತ್ತಿದ್ದೆ. ಸ್ವಂತ ಮಿಷನ್ ಇತ್ತು. ಹಾಲಮ್ಮ ಎನ್ನುವವರಿಗೆ ಹೊಸ ಮನೆಗೆ ತಾರಸಿ ಹಾಕಿಸಬೇಕಿತ್ತು. ಹೊಲದ ಬದುವಿನಲ್ಲಿ, ರಸ್ತೆಗೆ ಒತ್ತಿ ನಿಂತಿದ್ದ ದೊಡ್ಡ ಹುಣಸೆ ಮರವನ್ನು ಸಾಮಿಲ್‌ಗೆ ಕೊಡಲು ಒಪ್ಪಿದ್ದರು. ನಾನು ಮಿಷನ್‌ಗೆ ಪೆಟ್ರೋಲ್ ಹಾಕಿ ನೋಡುತ್ತೇನೆ, ಬುಡದಲ್ಲಿ ಒಬ್ಬರು ಮಲಗಿದ್ದಾರೆ.

“ಏಳ್ರಿ ಸಾಬ್ರೆ, ಮರ ಬೀಳ್ತೈತೆ.”

“ತಡಿಯಪ್ಪಾ, ಎಣಿಸ್ತಿದೀನಿ. ಲೆಕ್ಕ ತಪ್ಪಿಸ್ಬೇಡ.”

ಎದ್ದವರು ನನ್ನ ಕಡೆ ನೋಡಲೂ ಇಲ್ಲ. ಪಕ್ಕದಲ್ಲಿ ನಿಂತಿದ್ದ ಹಾಲಮ್ಮನಿಗೆ ಹೇಳಿದರು: “ತಂಗೀ, ಸಾಮಿಲ್‌ನೋರು ಕೊಡೋ ದುಡ್ಡು ನಾನೇ ಕೊಡ್ತೀನಿ. ಮರ ನಿಂದೇ. ಏಳು ವರ್ಷದ ಹಣ್ಣು ನಂದು. ಕೊಡ್ಲಿ ಮಾತ್ರ ಇಡಂಗಿಲ್ಲ.”

“ಇನ್ನೂ ಹೂವೇ ಬಿಡದಿರೋ ಹಣ್ಣಿಗೆ ಈಗ್ಲೇ ದುಡ್ಡಾ? ತಲೆ ನೆಟ್ಟಗೈತೇನಣ್ಣಾ?”

“ನಿಂಗೆ ತಾರಸಿ ಬೇಕು, ನಂಗೆ ಹಣ್ಣು ಬೇಕು. ಇದ್ರಾಗೆ ತಲೆ ಯಾಕೆ ಬಂತು?”

ನನ್ನ ಅವತ್ತಿನ ದುಡಿಮೆ ಹೋಯಿತು. ಜಗಳಕ್ಕೆ ನಿಂತೆ. ಸಾಬರು ಮೇಲಿನ ಒಣ ಕೊಂಬೆ ತೋರಿಸಿದರು. “ಏ ಮಿಷನ್, ಸತ್ತಿದ್ದನ್ನ ಕೊಯ್ಯಿ, ಕೂಲಿ ನಾನು ಕೊಡ್ತೀನಿ. ಬದುಕಿರೋದ್ರ ತಂಟೆಗೆ ಹೋಗ್ಬೇಡ.” ಅವತ್ತಿನಿಂದ ನನ್ನ ಹೆಸರೇ ಮಿಷನ್ ಆಯಿತು. ಅವರು ಗುತ್ತಿಗೆ ಹಿಡಿದ ಮರಗಳಲ್ಲಿ ಒಣ ಕೊಂಬೆ ತೆಗೆಯುವುದು, ಹಣ್ಣು ಉದುರಿಸುವುದು ನನ್ನ ಕೆಲಸವಾಯಿತು.

ಹಾಲಮ್ಮನಿಗೆ ಕೊಟ್ಟ ದುಡ್ಡು ಅವರೊಬ್ಬರದಲ್ಲ. ಸಂತೇಬೆನ್ನೂರು ಸಂತೆಯ ಪರಿಚಯದ ವ್ಯಾಪಾರಿಗಳು ಪಾಲು ಹಾಕಿದ್ದರು. ಸಾಬರು ಬಡ್ಡಿ ಮುಟ್ಟುವವರಲ್ಲ. ಲಾಭ ಬಂದರೆ ಎಲ್ಲರಿಗೂ, ಲುಕ್ಸಾನಾದರೂ ಎಲ್ಲರಿಗೂ. ಒಂದು ಸಲ ಯಾರೋ “ಪರಿಸರ ಉಳಿಸ್ತಿದೀರಿ” ಎಂದು ಶಾಲು ಹೊದಿಸಲು ಬಂದರು. ಸಾಬರು ಹಿಂದೆ ಸರಿದರು. “ಬ್ಯಾಡ್ರಿ, ನಾನು ಯಾಪಾರಸ್ಥ. ಕಡಿದ್ರೆ ಒಂದ್ಸಲ ದುಡ್ಡು, ಬಿಟ್ರೆ ವರ್ಷಾ ವರ್ಷಾ ದುಡ್ಡು. ನಂಗೆ ಗೊತ್ತಿರೋದು ಇಷ್ಟೇ. ಶಾಲು ಹಾಲಮ್ಮಂಗೆ ಕೊಡ್ರಿ, ಮರ ಆಕೇದು.”

ಮೂರನೇ ವರ್ಷ ಹೂವಿನ ಹೊತ್ತಿಗೆ ಗಾಳಿಮಳೆ ಹೊಡೆಯಿತು. ಕಾಯಿ ಕಟ್ಟಲಿಲ್ಲ. ಇದೇ ಸಮಯ ನೋಡಿ ಸಾಮಿಲ್‌ನವರು ಮತ್ತೆ ಬಂದರು: ಪಾಲುದಾರರ ದುಡ್ಡು ವಾಪಸ್ ಕೊಡುತ್ತೇವೆ, ಹಾಲಮ್ಮನಿಗೂ ಮೇಲೆ ಕೊಡುತ್ತೇವೆ, ಮರ ಬಿಡಿ. ಹಾಲಮ್ಮ “ಸಾಬಣ್ಣ ಹೆಂಗಂತಾನೋ ಹಂಗೆ” ಎಂದರು. ಪಾಲುದಾರರು ಜಗಳೂರಿಗೆ ಬಂದು ಸಾಬರ ಮನೆಯಲ್ಲಿ ಕೂತರು. ಬಳೆ ಅಂಗಡಿ ಬಸಣ್ಣನ ದನಿಯೇ ಜೋರು.

“ಹಾಕಿದ ದುಡ್ಡು ಬರ್ತೈತೆ. ಸುಮ್ನೆ ಬಿಟ್ಬಿಡ್ರಿ ಸಾಬ್ರೆ.”

“ಮರಕ್ಕೆ ಪಾಲು ಹಾಕೀರಿ. ಮರ ಉಪವಾಸ ಇದ್ರೆ ನಾವೂ ಇರ್ಬೇಕು.”

“ಉಪವಾಸ ನಿಮ್ಗೆ ರೂಢಿ ಐತೆ. ನಮಗಿಲ್ಲ!”

ಸಾಬರೇ ಮೊದಲು ನಕ್ಕರು. ಬಸಣ್ಣ ನಗಲಿಲ್ಲ. ಪಾಲುದಾರರೆಲ್ಲ ಒಂದೇ ಮಾತು ಹೇಳಿದರೆ ಸಾಬರು ಬಗ್ಗಲೇಬೇಕು. ಅದು ಅವರೇ ಮಾಡಿದ ಕರಾರು. ಕೊನೆಗೆ “ಆಯ್ತು, ಮರದತ್ರಾನೇ ತೀರ್ಮಾನ ಮಾಡಾಣ, ಬರ್ರಿ” ಎಂದು ಎದ್ದರು.

ಬೇಸಿಗೆ. ನಡುಮಧ್ಯಾಹ್ನ. ನನ್ನ ಲಗೇಜ್ ಆಟೋದಲ್ಲಿ ಎಲ್ಲರನ್ನೂ ಸೊಕ್ಕೆಗೆ ಕರೆತಂದೆ. ಸುತ್ತ ಬೇರೆಲ್ಲೂ ನೆರಳಿಲ್ಲ. ಮರದ ಕೆಳಗೆ ಬಸ್ಸಿಗೆ ಕಾಯುವವರು, ಕುರಿ, ಐಸ್ ಮಾರುವವನು, ಎಲ್ಲ ಒತ್ತೊತ್ತಾಗಿ. ಪಾಲುದಾರರು ಇಳಿದವರೇ ಜಾಗ ಮಾಡಿಕೊಂಡು ಕೂತು ಬೆವರು ಒರೆಸಿಕೊಂಡರು. ಸಾಬರು ಅವರೆದುರು ನಿಂತರು.

“ಈಗ ಕೇಳ್ರಿ. ಕಡಿಸಾಣ ಅನ್ನೋರು ಆಚೆ ಬಿಸಿಲಿಗೆ ಹೋಗಿ ನಿಂತು ಹೇಳ್ರಿ. ನಾನು ಒಪ್ತೀನಿ.”

ಯಾರೂ ಅಲುಗಾಡಲಿಲ್ಲ. ಬಸಣ್ಣ ಮಾತ್ರ ಎದ್ದ. ಅವನ ಚಪ್ಪಲಿ ಆಟೋದಲ್ಲೇ ಉಳಿದಿತ್ತು. ಬರಿಗಾಲು ಬಿಸಿಲಿಗೆ ಇಟ್ಟವನು ಎಗರಿ ವಾಪಸ್ ಬಂದ. ಕುರಿ ಕಾಯುವ ಮುದುಕನಿಗೆ ಇದ್ಯಾವುದೂ ಗೊತ್ತಿರಲಿಲ್ಲ. “ಕೂತ್ಕಳೋ ಯಪ್ಪಾ, ಬಸ್ ಬರಾಕೆ ಇನ್ನೂ ಹೊತ್ತೈತೆ” ಎಂದ. ಎಲ್ಲರೂ ನಕ್ಕರು, ಬಸಣ್ಣನೂ. ಸಾಬರು ಎಲ್ಲರಿಗೂ ಐಸ್ ಕೊಡಿಸಿದರು. ಕಡಿಸುವ ಮಾತು ಅಲ್ಲಿಗೆ ಮುಗಿಯಿತು.

ಐದನೇ ಬೆಳೆ ಹೊತ್ತಿಗೆ ಸಾಬರು ಉಬ್ಬಸ ಹೆಚ್ಚಾಗಿ ಮಂಚ ಹಿಡಿದರು. ನೋಡಲು ಹೋದೆ.

“ಸೊಕ್ಕೆ ಮರ ಹೆಂಗೈತೆ?”

“ಚೆನ್ನಾಗೈತೆ. ನಿನ್ನೆ ನೋಡ್ಕೊಂಡು ಬಂದೆ.”

“ನಿಂತು ನೋಡ್ದೋ, ಮಲ್ಗಿ ನೋಡ್ದೋ?”

“ನಿಂತು.”

“ನಿಂತ್ರೆ ಕೆಳಗಿನ ಕೊಂಬೆ ಅಷ್ಟೇ ಕಾಣೋದು. ಮಲ್ಗೋ ಮಿಷನ್. ಅಂಗಿ ಮಣ್ಣಾದ್ರೆ ಆಗ್ಲಿ.”

ನನಗೆ ಅವರು ಹೇಳಿದ ಕೊನೆಯ ಮಾತು ಅದೇ.

ಈ ವರ್ಷದ್ದು ಏಳನೇ ಬೆಳೆ, ಕರಾರಿನ ಕೊನೆಯದು. ಹಣ್ಣು ಇಳಿಸುವ ಮೊದಲೇ ಸಾಮಿಲ್‌ನವರು ಹಾಲಮ್ಮನ ಮನೆಗೆ ಬಂದು ಹೋದರು. ಆಕೆ ನನಗೆ ಫೋನ್ ಮಾಡಿದರು. ನಾನು ಬಸಣ್ಣನಿಗೆ ಹೇಳಿದೆ. ಅವನು ಅವತ್ತೇ ಸೊಕ್ಕೆಗೆ ಬಂದ, ಇನ್ನೊಂದು ಏಳು ವರ್ಷಕ್ಕೆ ಪಾಲು ಹಾಕುತ್ತೇನೆ ಎಂದ. ಆದರೆ ಮರದ ಲೆಕ್ಕ ಹೇಳುವವರು ಯಾರು? ಇಬ್ಬರೂ ನನ್ನನ್ನೇ ನೋಡಿದರು. ಮರದ ಬುಡದಲ್ಲಿ ಟವೆಲ್ ಹಾಸಿ ಮಲಗಿದೆ. ತುದಿಯವರೆಗೂ ಕಂಡಿತು. ಎದ್ದು, ಕಂಡಷ್ಟು ಹೇಳಿದೆ.

ಹಾಲಮ್ಮ ಮರದ ಕಡೆ ನೋಡಿದರು. “ಅಷ್ಟೇನಾ? ಸಾಬಣ್ಣ ಇದ್ದಿದ್ರೆ ಎರಡು ಮೂಟೆ ಜಾಸ್ತಿ ಹೇಳ್ತಿದ್ದ.”

ಬಸಣ್ಣ ಟವೆಲ್ ಕೊಡವಿ ಮತ್ತೆ ಹಾಸಿದ. ನಾನು ಮತ್ತೆ ಮಲಗಿದೆ.