ಬುಕ್ ಇಲ್ಲದೆ ಬಂದ ನೋಟಿಸಕ್ಕ

ಅವರ ಮಾತು ಮೊದಲು ತುಟಿಯಲ್ಲಿ ಕಾಣುತ್ತಿತ್ತು, ಕಿವಿಗೆ ಬೀಳುವುದು ಆಮೇಲೆ. ಇಪ್ಪತ್ತು ವರ್ಷ ಮಗ್ಗದ ಮನೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿದವರು. ಆ ಸದ್ದಿನಲ್ಲಿ ಕೂಗಿ ಪ್ರಯೋಜನವಿಲ್ಲ ಎಂದು ಕಲಿತು, ಒಂದೊಂದು ಅಕ್ಷರವನ್ನೂ ತುಟಿ ಅಗಲಿಸಿ ತೋರಿಸುತ್ತಿದ್ದರು. ಮಗ್ಗ ನಿಂತ ಮನೆಯಲ್ಲೂ ಅದೇ ಅಭ್ಯಾಸ. ಎಡಗಿವಿ ಪೂರ್ತಿ ಹೋಗಿತ್ತು. ಹೆಬ್ಬೆಟ್ಟು ಒತ್ತುವವರ ಬೆರಳಿಗೆ ಶಾಯಿ ಹಚ್ಚಿ ಹಚ್ಚಿ ಅವರ ಬಲಗೈ ಬೆರಳುಗಳೆಲ್ಲ ನೇರಳೆ ಬಣ್ಣಕ್ಕೆ ತಿರುಗಿದ್ದವು. ಮಾತು ಶುರುಮಾಡುವ ಮುಂಚೆ ಆ ಕೈಯಿಂದ ನಮ್ಮ ಮುಂಗೈ ಹಿಡಿದು ತಮ್ಮ ಕಡೆ ತಿರುಗಿಸಿಕೊಳ್ಳುತ್ತಿದ್ದರು.

ದೊಡ್ಡಬಳ್ಳಾಪುರದ ನೇಕಾರರ ಸಂಘಗಳಲ್ಲಿ ನಮ್ಮದೊಂದು ಚಿಕ್ಕದು. ಅವರು ಅದರ ಅಟೆಂಡರ್. ಗಂಡ ತೀರಿಕೊಂಡ ಮೇಲೆ ಹಿರಿಯರು ಕರೆದು ಕೊಟ್ಟ ಕೆಲಸ. ಸಭೆ ಇದ್ದಾಗ ಕೆಂಪು ರಟ್ಟಿನ ನೋಟಿಸ್ ಬುಕ್ ಹಿಡಿದು ಮನೆಮನೆಗೆ ಹೋಗಬೇಕು, ವಿಷಯ ಹೇಳಬೇಕು, ಸಹಿ ಹಾಕಿಸಿಕೊಂಡು ಬರಬೇಕು. ಹೀಗಾಗಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅವರು ನೋಟಿಸಕ್ಕ.

ಅವರು ಮನೆಮನೆ ಸುತ್ತಲು ಹೊರಡುತ್ತಿದ್ದದ್ದು ಗಡಿಯಾರ ನೋಡಿಯಲ್ಲ, ಕರೆಂಟ್ ನೋಡಿ. ಲೈನ್‌ಮನ್‌ಗಳೆಲ್ಲ ಪರಿಚಯ. ಯಾವ ಬೀದಿಯಲ್ಲಿ ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಎಂದು ಮೊದಲೇ ಕೇಳಿಕೊಂಡು, ಅದಕ್ಕೆ ಐದು ನಿಮಿಷ ಮುಂಚೆ ಆ ಬೀದಿಯ ತಲೆಯಲ್ಲಿ ಯಾರದೋ ಜಗುಲಿ ಮೇಲೆ ಕೂತಿರುತ್ತಿದ್ದರು. ಮಗ್ಗಗಳೆಲ್ಲ ಒಂದೇ ಸಲ ನಿಂತ ತಕ್ಷಣ ಏಳುತ್ತಿದ್ದರು. “ಕರೆಂಟ್ ಹೋದ್ರೇನೇ ಕಣಪ್ಪ ಈ ಊರಿಗೆ ಕಿವಿ ಬರೋದು,” ಎನ್ನುತ್ತಿದ್ದರು. ಸಹಿ ಹಾಕಿಸಿಕೊಂಡು ಸುಮ್ಮನೆ ಹೊರಟವರೂ ಅಲ್ಲ. ಗಂಡಸಿನ ಸಹಿ ಆದ ಮೇಲೆ ಅಡುಗೆಮನೆ ಬಾಗಿಲಿಗೆ ಹೋಗಿ ಹೆಂಗಸರಿಗೆ ಇನ್ನೊಂದು ಸಲ ಹೇಳುತ್ತಿದ್ದರು. “ಸಹಿ ಗಂಡಸ್ರದ್ದು, ಜ್ಞಾಪಕ ಹೆಂಗಸ್ರದ್ದು.” ದೊಡ್ಡಬೆಳವಂಗಲದ ಕಡೆ ಇದ್ದ ಮೂರೇ ಮೂರು ಸದಸ್ಯರಿಗಾಗಿ ಬಸ್ ಹತ್ತಿ ಹೋಗಿ ಬರುತ್ತಿದ್ದರು. ಫೋನ್ ಮಾಡಿದರೆ ಆಗದೇ ಎಂದು ಕೇಳಿದ್ದಕ್ಕೆ, “ಫೋನಲ್ಲಿ ಮುಖ ಎಲ್ಲಿ ಕಾಣ್ತದೆ?” ಅಂದಿದ್ದರು.

ಅವರದೊಂದು ಕಟ್ಟುನಿಟ್ಟು ಇತ್ತು. ಕೈಯಲ್ಲಿ ಬುಕ್ ಇಲ್ಲದಾಗ ಸಂಘದ ವಿಷಯ ಒಂದಕ್ಷರ ಆಡುತ್ತಿರಲಿಲ್ಲ. ಹಿಂದೊಮ್ಮೆ ಯಾರೋ ಹಬ್ಬಿಸಿದ ಗಾಳಿಸುದ್ದಿ ನಂಬಿ ಜನ ಮಗ್ಗ ನಿಲ್ಲಿಸಿ, ತಾಲ್ಲೂಕು ಕಚೇರಿ ಮುಂದೆ ಬಿಸಿಲಲ್ಲಿ ನಿಂತು, ಪೆಚ್ಚುಮೋರೆ ಹಾಕಿಕೊಂಡು ವಾಪಸಾಗಿದ್ದರಂತೆ. ಆಗಿನಿಂದ ಅವರು ಮನೆಮನೆಗೂ ಹೇಳಿಟ್ಟಿದ್ದರು: “ಬುಕ್ ಇಲ್ದೆ ಯಾರು ಬಂದು ಹೇಳಿದ್ರೂ ನಂಬ್ಬೇಡಿ. ನಾನೇ ಬಂದು ಹೇಳಿದ್ರೂ ನಂಬ್ಬೇಡಿ.” ಊರು ಆ ಮಾತನ್ನು ಪಾಠದ ಹಾಗೆ ಕಲಿತಿತ್ತು.

ನಾನು ಕಾರ್ಯದರ್ಶಿಯಾದದ್ದು ಅವರಿಂದ. ಬಿ.ಕಾಂ. ಮುಗಿಸಿ ಮನೆಯ ನಾಲ್ಕು ಮಗ್ಗ ನೋಡಿಕೊಂಡಿದ್ದವನಿಗೆ ಚುನಾವಣೆಗೆ ನಿಲ್ಲುವ ಚಪಲ ಬಂತು. ನನ್ನನ್ನು ಯಾರು ಬಲ್ಲರು? ನೋಟಿಸಕ್ಕ ನಮ್ಮ ತಾಯಿಯ ಜೊತೆ ಕಂಡಿಕೆ ಸುತ್ತಿದವರು, ಆ ಸಲಿಗೆಯಲ್ಲಿ ಕೇಳಿದೆ. “ನಿಂಗೆ ಓಟ್ ಹಾಕಿ ಅಂತ ನಾನು ಹೇಳಲ್ಲ. ಒಂದು ಸುತ್ತು ನನ್ ಜೊತೆ ಬಾ, ಜನ ನಿನ್ ಮುಖ ನೋಡ್ಲಿ,” ಅಂದರು. ನಾಲ್ಕು ದಿನ ಅವರ ಹಿಂದೆ ನಡೆದೆ. ಪ್ರತಿ ಮನೆಯಲ್ಲೂ ನೀರು ಕುಡಿದೆ. ಗೆದ್ದೆ. ಮುಂದೆ ನಾನು ಮಾಡಿದ್ದಕ್ಕೆ ನಮ್ಮಲ್ಲಿ ಹತ್ತಿದ ಏಣಿ ಒದೆಯುವುದು ಅನ್ನುತ್ತಾರೆ.

ಗೆದ್ದ ವರ್ಷವೇ ಬೆಂಗಳೂರಿನ ಒಂದು ಹೋಟೆಲಿನಲ್ಲಿ ಸಂಘಗಳ ಪದಾಧಿಕಾರಿಗಳಿಗೆ ಒಂದು ದಿನದ ತರಬೇತಿ ಇತ್ತು. ಟೈ ಕಟ್ಟಿದವನೊಬ್ಬ ಪರದೆ ಮೇಲೆ ಬಾಣಗಳನ್ನು ತೋರಿಸಿ, ಸದಸ್ಯರನ್ನು ತೊಡಗಿಸಿಕೊಳ್ಳುವುದು ಹೇಗೆ, ಸಂವಹನ ಸುಧಾರಿಸುವುದು ಹೇಗೆ ಎಂದು ಸಂಜೆಯವರೆಗೆ ಹೇಳಿದ. ಊಟ ಚೆನ್ನಾಗಿತ್ತು. ಬಂದವನೇ ವಾಟ್ಸಾಪ್ ಗ್ರೂಪ್ ಮಾಡಿದೆ. ನಮ್ಮವರಿಗೆ ಓದುವುದಕ್ಕೆ ಪುರುಸೊತ್ತೆಲ್ಲಿ ಎಂದು ನೋಟಿಸುಗಳನ್ನು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ ಕಳಿಸಿದೆ. ಓಡುವ ಮಗ್ಗದ ಪಕ್ಕ ನಿಂತು ಅರ್ಧ ಕಿವುಡಾದ ಜನ ಫೋನನ್ನು ಕಿವಿಗೊತ್ತಿಕೊಂಡು, ಏನೂ ಕೇಳದೆ, ಜೇಬಿಗೆ ಹಾಕಿಕೊಂಡರು. ಮಗ್ಗದ ಮನೆಯಲ್ಲೇ ಹುಟ್ಟಿ ಬೆಳೆದವನಿಗೆ ಇಷ್ಟೂ ಹೊಳೆಯಲಿಲ್ಲ ಅಂದರೆ ನನ್ನ ತಲೆಯಲ್ಲಿ ಏನು ತುಂಬಿತ್ತೋ.

ಕಳಿಸಿದ್ದರ ಕೆಳಗೆ ಮೂಡಿದ ನೀಲಿ ಟಿಕ್ ಗೆರೆಗಳನ್ನು ನೋಟಿಸಕ್ಕನಿಗೆ ಹೆಮ್ಮೆಯಿಂದ ತೋರಿಸಿದೆ. ಎಲ್ಲರಿಗೂ ತಲುಪಿದೆ ನೋಡಿ ಅಕ್ಕ, ಅಂದೆ. ಅವರು ಫೋನನ್ನೂ ನನ್ನನ್ನೂ ನೋಡಿದರು.

“ಇವರಲ್ಲಿ ಬರ್ತೀನಿ ಅಂದೋರು ಯಾರು?”

“ಅದು ಇದರಲ್ಲಿ ಗೊತ್ತಾಗಲ್ಲ ಅಕ್ಕ.”

“ನನ್ ಬುಕ್ಕಲ್ಲಿ ಗೊತ್ತಾಗ್ತದೆ. ಸಹಿ ಹಾಕೋವಾಗ ಕೈ ನೋಡಿದ್ರೆ ಸಾಕು.”

ಸಭೆಗೆ ಜನ ಕಡಿಮೆಯಾದರು. ನನಗೆ ಬೇಜಾರಾಯಿತು, ಅಧ್ಯಕ್ಷರಿಗೆ ಆಗಲಿಲ್ಲ. “ಜನ ಕಮ್ಮಿ ಆದ್ರೆ ಜಗಳಾನೂ ಕಮ್ಮಿ ಗುರು. ನೀನು ಒಳ್ಳೆ ಕೆಲಸ ಮಾಡ್ದೆ,” ಎಂದು ಬೆನ್ನು ತಟ್ಟಿದರು. ಮುಂದಿನ ಸಭೆಯಲ್ಲೇ, ಇನ್ನು ಮೇಲೆ ಗ್ರೂಪಿನಲ್ಲಿ ಹಾಕಿದರೆ ನೋಟಿಸ್ ಕೊಟ್ಟಂತೆ ಎಂದು ಬೈಲಾಗೆ ಒಂದು ಸಾಲು ಸೇರಿತು. ಬರೆದವನು ನಾನೇ.

ಆಮೇಲೆ ಹಾಲ್ ವಿಷಯ ಬಂತು. ಸಂಘದ ಹಾಲ್ ಹಿರಿಯರು ಒಂದೊಂದು ಸೀರೆಯ ಕೂಲಿ ಬಿಟ್ಟುಕೊಟ್ಟು ಕಟ್ಟಿಸಿದ್ದು. ಸದಸ್ಯರ ಮನೆಯ ಸೀಮಂತ, ನಾಮಕರಣ ಅಲ್ಲೇ. ಕರೆಂಟ್ ಇಲ್ಲದ ಮಧ್ಯಾಹ್ನ ಗಂಡಸರು ತಂಪಿಗೆ ಮಲಗುತ್ತಿದ್ದದ್ದೂ ಅಲ್ಲೇ. ಅದನ್ನು ಒಂದು ಸೀರೆ ಶೋರೂಮಿಗೆ ಮೂವತ್ತು ವರ್ಷಕ್ಕೆ ಕೊಡಬೇಕೆಂದು ಅಧ್ಯಕ್ಷರು ನಿಶ್ಚಯಿಸಿಬಿಟ್ಟಿದ್ದರು. ಮಾರುವುದು ನಮ್ಮ ಸೀರೆಯನ್ನಲ್ಲ, ಸೂರತ್ ಸೀರೆಯನ್ನು. ಸರ್ವಸದಸ್ಯರ ಸಭೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳಿದರೆ ಜನ ಕುರ್ಚಿ ಎತ್ತುತ್ತಿದ್ದರು. “ಗ್ರೂಪಲ್ಲಿ ಹಾಕು. ಬುಕ್ ಕಳಿಸ್ಬೇಡ,” ಅಂದರು. ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ನನಗೆ ಯಾರೂ ಲಂಚ ಕೊಡಲಿಲ್ಲ. ಕೊಟ್ಟಿದ್ದರೆ ಹೇಳಿಕೊಳ್ಳಲು ಒಂದು ಕಾರಣವಾದರೂ ಇರುತ್ತಿತ್ತು. ಎದುರು ನಿಲ್ಲುವ ಧೈರ್ಯವಿರಲಿಲ್ಲ, ಅಷ್ಟೆ. ಗ್ರೂಪಿನಲ್ಲಿ ಹಾಕಿ, ಅದರ ಮೇಲೆ ಶುಭೋದಯದ ಹೂವಿನ ಚಿತ್ರಗಳು ಬಂದು ಮುಚ್ಚುವುದನ್ನು ನೋಡಿದೆ.

ಸುದ್ದಿ ನೋಟಿಸಕ್ಕನಿಗೆ ಹೇಗೋ ತಿಳಿಯಿತು. ಸಭೆಗೆ ಎರಡು ದಿನ ಮುಂಚೆ ಆಫೀಸಿಗೆ ಬಂದು ಬುಕ್ ಕೇಳಿದರು. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಕೀ ನನ್ನ ಜೇಬಿನಲ್ಲಿತ್ತು.

“ಈ ಸಲ ಬುಕ್ ಬೇಡ ಅಕ್ಕ. ಗ್ರೂಪಲ್ಲಿ ಹಾಕಿದೀವಿ.”

ಅವರು ನನ್ನ ಮುಂಗೈ ಹಿಡಿದು ತಿರುಗಿಸಿಕೊಂಡರು. “ಕಳಿಸೋದೇ ಬೇರೆ, ತಿಳಿಸೋದೇ ಬೇರೆ ಕಣಪ್ಪ. ನಿಂಗೊತ್ತಿಲ್ವಾ?”

ಕೈ ಬಿಡಿಸಿಕೊಂಡೆ.

ಬುಕ್ ಇಲ್ಲದೆಯೇ ಅವರು ಮನೆಮನೆ ಸುತ್ತಲು ಹೊರಟರಂತೆ. ಇದನ್ನು ನನಗೆ ಆಮೇಲೆ ಹೇಳಿದವಳು ನನ್ನ ಹೆಂಡತಿ. ನಮ್ಮ ಮನೆಗೂ ಬಂದಿದ್ದರು. ಪ್ರತಿ ಬಾಗಿಲಲ್ಲೂ ಒಂದೇ ಪ್ರಶ್ನೆ ಎದುರಾಯಿತು: ಬುಕ್ ಎಲ್ಲಿ? ಬುಕ್ ಇಲ್ಲ, ಆದರೂ ಇದು ನಿಜ, ಬನ್ನಿ ಎಂದು ಅವರು ಬೇಡಿಕೊಂಡರು. ನೀವೇ ತಾನೇ ನಂಬಬೇಡಿ ಅಂದಿದ್ದು ಎಂದು ಜನ ನಕ್ಕರು. ನಮ್ಮ ಬೀದಿಯ ಕೊನೆಮನೆ ದೊಡ್ಡಮ್ಮ, ಗಂಡ ಸತ್ತ ಮೇಲೆ ಎರಡು ಮಗ್ಗ ತಾವೇ ನಡೆಸುವವರು, ನೋಟಿಸಕ್ಕನ ಗೆಳತಿಯೇ. ಅವರೂ ನಂಬಲಿಲ್ಲ. ನನ್ನ ಹೆಂಡತಿ, “ನಮ್ಮೆಜಮಾನ್ರೇ ಸೆಕ್ರೆಟ್ರಿ ಅಕ್ಕ, ಅಂಥದ್ದಿದ್ರೆ ನಂಗೆ ಹೇಳ್ತಿದ್ರು,” ಅಂದಳಂತೆ. ನೋಟಿಸಕ್ಕ ಒಂದು ಲೋಟ ನೀರು ಕೇಳಿ ಕುಡಿದು ಹೋದರಂತೆ.

ಸಭೆಗೆ ಒಂಬತ್ತು ಜನ ಬಂದರು. ಸಭೆಗೆ ಬೇಕಾದಷ್ಟು ಜನರಿಲ್ಲ, ಕೋರಂ ಇಲ್ಲವೆಂದು ಅರ್ಧ ಗಂಟೆ ಮುಂದೂಡಿದೆವು. ಅರ್ಧ ಗಂಟೆ ಆದ ಮೇಲೆ ಬಂದವರೇ ಸಾಕು ಎನ್ನುವುದು ನಿಯಮ. ಆ ಅರ್ಧ ಗಂಟೆ ಬೋಂಡ ತಿಂದೆವು. ಆಮೇಲೆ ಠರಾವು ಓದಿದೆ, ಒಂಬತ್ತು ಕೈ ಎದ್ದವು. ನೋಟಿಸಕ್ಕ ಬಾಗಿಲಲ್ಲಿ ನಿಂತಿದ್ದರು. ಸದಸ್ಯರಲ್ಲದವರು ಒಳಗೆ ಬರುವಂತಿಲ್ಲ. ಓದಿ ಮುಗಿಸಿ ತಲೆಯೆತ್ತಿದಾಗ ಅಷ್ಟು ದೂರದಿಂದ ಸದ್ದಿಲ್ಲದೆ ತುಟಿ ಅಲ್ಲಾಡಿಸಿದರು. ಒಂಬತ್ತು ಜನರಲ್ಲಿ ಯಾರೂ ಅತ್ತ ನೋಡಲಿಲ್ಲ. ನಾನು ಓದಿಕೊಂಡೆ.

“ಅವ್ರಿಗೆ ಕೇಳಿಸ್ಲಿಲ್ಲ. ನಿಂಗೆ ಕೇಳಿಸಿತ್ತಲ್ಲ.”

ವಿಷಯ ತಿಳಿದು ಜನ ಜಗಳಕ್ಕೆ ಬಂದಾಗ ಅಧ್ಯಕ್ಷರು ಫೋನ್ ಎತ್ತಿ ತೋರಿಸಿದರು: ನೋಟಿಸ್ ಹಾಕಿದ್ದೇವೆ, ನೋಡದಿದ್ದದ್ದು ನಿಮ್ಮ ತಪ್ಪು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತು. ಹಾಲ್ ಶೋರೂಮಾಯಿತು, ಅಲ್ಲಿದ್ದ ಸಂಘದ ಆಫೀಸು ಮೇಲಿನ ಮಹಡಿಯ ಒಂದು ಕೋಣೆಗೆ ಹೋಯಿತು. ನೋಟಿಸಕ್ಕನಿಗೆ ಮಂಡಿನೋವು, ಮೆಟ್ಟಿಲು ಹತ್ತಲಾರರು. ಅಟೆಂಡರ್ ಕೆಲಸ ಹಾಗೆಯೇ ಇಲ್ಲವಾಯಿತು. ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ನಾನು ರಾಜೀನಾಮೆ ಕೊಟ್ಟೆನೇ? ಇಲ್ಲ. ಎರಡನೇ ಸಲ ಅವಿರೋಧವಾಗಿ ಆಯ್ಕೆಯಾದೆ. ಚುನಾವಣೆ ಇದೆ ಎಂದು ವಿರೋಧಿಸುವವರಿಗೆ ಗೊತ್ತಾಗಿರಲೇ ಇಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಬೆಳಿಗ್ಗೆ ಸುದ್ದಿ ಬಂದ ತಕ್ಷಣ ಗ್ರೂಪಿಗೆ ಹಾಕಿದೆ. ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ಒಬ್ಬರು ಓದದೆ ಹುಟ್ಟುಹಬ್ಬದ ಶುಭಾಶಯ ಹಾಕಿ ಆಮೇಲೆ ಅಳಿಸಿದರು. ಹತ್ತು ಗಂಟೆಗೆ ಅವರ ಮನೆಗೆ ಹೋದರೆ ಅಕ್ಕಪಕ್ಕದ ನಾಲ್ಕೈದು ಜನ ಬಿಟ್ಟರೆ ಯಾರೂ ಇಲ್ಲ. ಬೀದಿಯ ಎರಡೂ ಕಡೆ ಮಗ್ಗ ಓಡುತ್ತಿದ್ದವು.

ಆಫೀಸಿಗೆ ಹೋಗಿ ಬೀರು ತೆಗೆದೆ. ಬುಕ್ಕಿನ ಕೊನೆಯ ನೋಟಿಸಿನ ಕೆಳಗೆ ಬರೆದೆ: ನೋಟಿಸಕ್ಕ ಇಲ್ಲ. ಸಂಜೆ ನಾಲ್ಕಕ್ಕೆ ಮಣ್ಣು. ಆ ದಿನ ಕರೆಂಟ್ ಹೋಗಲಿಲ್ಲ. ಮನೆಮನೆಗೆ ಹೋಗಿ ಒಬ್ಬೊಬ್ಬರ ಮುಂಗೈ ಹಿಡಿದು ತಿರುಗಿಸಿ ತುಟಿಯಲ್ಲೇ ಹೇಳಿದೆ. ಕೆಂಪು ರಟ್ಟು ಕಂಡ ಕೂಡಲೇ ಜನ ಮಗ್ಗ ನಿಲ್ಲಿಸಿದರು. ಸಹಿ ಹಾಕಿದರು.

ಕೊನೆಮನೆ ದೊಡ್ಡಮ್ಮ ಬುಕ್ ಇಸಿದುಕೊಂಡು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಹಾಳೆ ಹಿಂದಕ್ಕೆ ತಿರುಗಿಸಿದರು. ಅವರು ಹುಡುಕುತ್ತಿದ್ದದ್ದು ಅದರಲ್ಲಿ ಇರಲಿಲ್ಲ.

“ಹಾಲ್ ಮೀಟಿಂಗ್ ಇದ್ದಾಗ ಇದೆಲ್ಲಿತ್ತು?”

“ಬೀರುವಲ್ಲಿ.”

“ಕೀ?”

“ನನ್ ಹತ್ರ ಇತ್ತು.”

ಅವರು ಹಾಳೆ ತಿರುಗಿಸುವುದನ್ನು ಬಿಟ್ಟರು. “ಅವತ್ತು ಈ ಬಾಗ್ಲಲ್ಲೇ ಅವ್ಳನ್ನ ಸುಳ್ಳಿ ಅಂದ್ಬಿಟ್ಟೆ ಕಣಪ್ಪ. ತಿರ್ಗಿ ಮಾತಾಡ್ಸಲೇ ಇಲ್ಲ.” ಸಹಿ ಹಾಕದೆ ಬುಕ್ ಮುಚ್ಚಿ ನನ್ನ ಕೈಗಿಟ್ಟರು. ಎರಡೂ ಮಗ್ಗ ನಿಲ್ಲಿಸಿ, ಚಪ್ಪಲಿ ಮೆಟ್ಟಿ, ನನ್ನನ್ನು ದಾಟಿಕೊಂಡು ಸಾವಿನ ಮನೆ ಕಡೆ ನಡೆದರು. ಅವರ ಹೆಸರಿನ ಮುಂದಿನ ಜಾಗ ಈಗಲೂ ಖಾಲಿ ಇದೆ.

ನಾಲ್ಕು ಗಂಟೆಗೆ ಬೀದಿ ತುಂಬಿತ್ತು. ದೊಡ್ಡಬೆಳವಂಗಲದ ಮೂವರೂ ಬಂದಿದ್ದರು. ಕಾರ್ಯದರ್ಶಿಯ ಅಭ್ಯಾಸ, ನಾನು ನಿಂತಲ್ಲೇ ತಲೆ ಎಣಿಸಿದೆ. ಕೋರಂ ಆಗಿ ಇನ್ನೂ ಮಿಕ್ಕುವಷ್ಟು ಜನ ಇದ್ದರು.