ಕುಂಭಾಶಿಯಲ್ಲಿ ಪೂಜೆಯಾದ ಕಂಪ್ಯೂಟರ್

ಸ್ಕ್ರೂ ಕಾಣದ ಯಂತ್ರ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕುಂದಾಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಮೊದಮೊದಲು ಅಂಗಡಿಗೆ ಬಂದವರು ನನ್ನನ್ನು ನೋಡಿ, "ರಿಪೇರಿ ಮಾಡುವರ್ ಹೊರಗ್ ಹೋಯಿರಾ?" ಎಂದು ಕೇಳುತ್ತಿದ್ದರು. ಹೆಂಗಸಿನ ಕೈಯಲ್ಲಿ ಸ್ಕ್ರೂಡ್ರೈವರ್ ಕಂಡರೆ ಅವರಿಗೆ ನಂಬಿಕೆ ಬರುತ್ತಿರಲಿಲ್ಲ. ಅದಕ್ಕೆಲ್ಲ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಬಿಚ್ಚಿ, ಸರಿ ಮಾಡಿ ಕೈಗಿಟ್ಟರೆ ಅವರ ಅನುಮಾನ ಅಲ್ಲೇ ಮುಗಿಯುತ್ತಿತ್ತು. ಈಗ ಬಿಚ್ಚಲಿಕ್ಕೇ ಆಗದಂತೆ ಮಾಡಿಟ್ಟಿದ್ದಾರಲ್ಲ, ನನ್ನ ಸಿಟ್ಟು ಅದಕ್ಕೆ.

ನಾನು ಹೇಳುತ್ತಿರುವುದು ಒಂದೇ ಕಂಪನಿ ಒಂದೇ ಹೆಸರಿನಲ್ಲಿ ಮಾರುತ್ತ ಬಂದ ಮನೆಬಳಕೆಯ ಕಂಪ್ಯೂಟರುಗಳ ಮಾತು. ಹೆಸರು ಬರೆಯುವುದಿಲ್ಲ, ಬರೆದರೆ ಅವರಿಗೊಂದು ಪುಕ್ಕಟೆ ಜಾಹೀರಾತು. ಆ ಹೆಸರಿನ ಯಂತ್ರಗಳು ನಮ್ಮ ಮನೆಗೆ ನಾಲ್ಕು ಸಲ ಬಂದವು. ನಾಲ್ಕನ್ನೂ ಆರಿಸಿದವಳು ನಾನೇ.

ಮೊದಲನೆಯದು ಮೇಜಿನ ಮೇಲೆ ಕೂರುವಂಥದ್ದು. ಬ್ರಹ್ಮಾವರದಲ್ಲಿ ಕೊಂಡು ಟೆಂಪೋದಲ್ಲಿ ಹಾಕಿಕೊಂಡು ಬಂದದ್ದು. ಅಮ್ಮ ಜೊತೆಗಿದ್ದಳು. ಬೈಂದೂರಿನ ಕಡಲ ಬದಿಯ ನಮ್ಮ ಮನೆಯಿಂದ ದಿನಾ ಬೆಳಿಗ್ಗೆ ಮೀನಿನ ಬುಟ್ಟಿ ಬಸ್ಸಿಗೇರಿಸಿ, ಕುಂದಾಪುರದಲ್ಲಿ ಬಸ್ಸು ಬದಲಿಸಿ, ಸಿದ್ದಾಪುರದ ಮನೆಮನೆಗೆ ಹೊತ್ತು ಮಾರುತ್ತಿದ್ದವಳು ಆ ದಿನ ನನಗಾಗಿ ರಜೆ ಹಾಕಿದ್ದಳು. ಟೆಂಪೋ ಕುಂಭಾಶಿಯ ಗಣಪತಿ ದೇವಸ್ಥಾನದ ಹತ್ತಿರ ಬಂದದ್ದೇ ತಡ, "ಹ್ವಾಯ್, ನಿಲ್ಸಿ" ಎಂದು ಕೂಗಿದಳು. "ಹೊಸ ಗಾಡಿ ತಂದ್ರೆ ಇಲ್ಲ್ ಪೂಜೆ ಮಾಡ್ಸದೆ ಮನಿಗ್ ಹೋಪುದಾ?"

"ಅಮ್ಮ, ಇದ್ ಗಾಡಿ ಅಲ್ಲ."

"ಓಡುದಾದ್ರೆ ಗಾಡಿಯೇ."

ನಮ್ಮ ಕಡೆಯವರು ಹೊಸ ಬೈಕು, ರಿಕ್ಷಾ, ಕಾರು ಕೊಂಡರೆ ಮೊದಲು ಗಣಪತಿಯ ಎದುರು ನಿಲ್ಲಿಸಿ, ಆಮೇಲೆ ಮನೆಗೆ ಓಡಿಸುವುದು. ಆ ಸಾಲಿನಲ್ಲಿ ಎರಡು ಬೈಕುಗಳ ನಡುವೆ, ರಟ್ಟಿನ ಪೆಟ್ಟಿಗೆಯಿಂದ ಹೊರತೆಗೆದ ನಮ್ಮ ಕಂಪ್ಯೂಟರ್ ಕೂತಿತು. ಭಟ್ಟರು ಲಿಂಬೆಹಣ್ಣು ಹಿಡಿದುಕೊಂಡು, "ಇದಕ್ಕೆ ಚಕ್ರವೇ ಇಲ್ಲವಲ್ಲ, ಎಲ್ಲಿಡುವುದು?" ಎಂದು ಕೇಳಿದರು. ಅಮ್ಮ ಅದನ್ನು ಇಸಿದುಕೊಂಡು ತಾನೇ ಡಬ್ಬದ ಮುಂದಿಟ್ಟಳು. ನನಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

ಆ ಡಬ್ಬದ ಹಿಂದೆ ನಾಲ್ಕು ಸ್ಕ್ರೂಗಳಿದ್ದವು. ಒಂದು ರೂಪಾಯಿ ನಾಣ್ಯದಿಂದ ತಿರುಗಿಸಿದರೂ ಬಿಚ್ಚಿಕೊಳ್ಳುತ್ತಿತ್ತು. ನಾನು ರಿಪೇರಿ ಕಲಿತದ್ದು ಯಾವ ಕ್ಲಾಸಿನಲ್ಲೂ ಅಲ್ಲ, ಅದರ ಹೊಟ್ಟೆಯೊಳಗೆ. ಕಡಲ ಗಾಳಿಗೆ ಒಳಗೆಲ್ಲ ಕಿಲುಬು ಹಿಡಿದು ವರ್ಷಕ್ಕೆ ಎರಡು ಸಲವಾದರೂ ಅದು ಸ್ಟ್ರೈಕ್ ಮಾಡುತ್ತಿತ್ತು. ಮೆಮೊರಿಯ ಪಟ್ಟಿಯನ್ನು ಎಳೆದು ತೆಗೆದು, ಅದರ ಹಳದಿ ಹಲ್ಲುಗಳನ್ನು ಶಾಲೆಯ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರೆ ಏನೂ ಆಗದವರ ಹಾಗೆ ಎದ್ದು ಕೂರುತ್ತಿತ್ತು. ಅಂಗಡಿ ಹಾಕುವ ಧೈರ್ಯ ಬಂದದ್ದು ಆ ರಬ್ಬರಿನಿಂದ.

ಎರಡನೆಯದು ಅದೇ ಹೆಸರಿನ ದಪ್ಪ ಲ್ಯಾಪ್‌ಟಾಪು. ತಳದಲ್ಲೊಂದು ಸಣ್ಣ ಬಾಗಿಲು, ಒಳಗೆ ಮೆಮೊರಿ, ಪಕ್ಕದ ಬಾಗಿಲಿನೊಳಗೆ ಡಿಸ್ಕು, ಕೊಂಡಿ ಸರಿಸಿದರೆ ಕೈಗೆ ಬರುವ ಬ್ಯಾಟರಿ. ಮೂರನೆಯದರಲ್ಲಿ ಬ್ಯಾಟರಿ ಒಳಗೆ ಸೇರಿತು, ಸಿಡಿ ಹಾಕುವ ಬಾಯಿ ಹೋಯಿತು, ತಳದ ಬಾಗಿಲುಗಳೂ ಹೋದವು. ನಾಲ್ಕನೆಯದು ಬರುವಷ್ಟರಲ್ಲಿ ಸ್ಕ್ರೂಗಳೂ ಕಣ್ಣಿಗೆ ಬೀಳದಾದವು: ಅಂಟಿಸಿದ ರಬ್ಬರಿನ ಕಾಲುಗಳ ಅಡಿಯಲ್ಲಿ ಅಡಗಿಸಿಟ್ಟು, ತಲೆಗೆ ನಕ್ಷತ್ರದಂಥ ತೂತು ಕೊರೆದಿದ್ದರು. ಮೆಮೊರಿ, ಡಿಸ್ಕು ಎರಡನ್ನೂ ಬೋರ್ಡಿಗೇ ಬೆಸೆದುಬಿಟ್ಟಿದ್ದರು. ಪೆನ್‌ಡ್ರೈವ್ ಚುಚ್ಚಲು ಹಳೆಯ ತೂತು ಕೂಡ ಇರಲಿಲ್ಲ.

ಪ್ರತಿ ಸಲವೂ ಜೊತೆಗೆ ಬರುವ ಬಣ್ಣದ ಹಾಳೆಯಲ್ಲಿ ಒಂದು ಮನೆಯ ಚಿತ್ರ ಇರುತ್ತಿತ್ತು. ಮೊದಲನೆಯದರಲ್ಲಿ ಅಪ್ಪ, ಅಮ್ಮ, ಅಜ್ಜಿ, ಮಕ್ಕಳು, ಮೇಜಿನ ತುಂಬ ಪುಸ್ತಕ. ಯಂತ್ರ ತೆಳ್ಳಗಾದಂತೆ ಆ ಮನೆಯ ಜನರೂ ಸಾಮಾನೂ ಕಡಿಮೆಯಾಗುತ್ತ ಬಂದು, ಕೊನೆಯದರಲ್ಲಿ ಬಿಳಿ ಗೋಡೆ, ಒಂದು ಗಿಡ, ಒಬ್ಬಳು ಹುಡುಗಿ. ಆ ಗೋಡೆಗೆ ಉಪ್ಪುಗಾಳಿ ತಾಗಿದ್ದೇ ಇಲ್ಲ. ಗಿರಾಕಿಗಳು ಮಾತ್ರ ಆ ಯಂತ್ರವನ್ನೇ ನನ್ನ ಅಂಗಡಿಗೆ ತಂದು, ಬಿಚ್ಚಿದರೂ ಸರಿ ಮಾಡಲಾಗುವುದಿಲ್ಲ ಎಂದರೆ, "ನಿಮ್ಗ್ ಹೊಸ್ದೆಲ್ಲ ಬತ್ತಿಲ್ಲ ಅಲ್ದಾ?" ಎಂದು ಎತ್ತಿಕೊಂಡು ಹೋಗುತ್ತಿದ್ದರು. ಸ್ಕ್ರೂ ಕದ್ದವರು ಒಬ್ಬರು, ಬೈಸಿಕೊಳ್ಳುವವಳು ನಾನು.

ಹಾಗಾದರೆ ನಾಲ್ಕನೆಯದನ್ನು ಯಾಕೆ ಕೊಂಡೆ ಎಂದು ನೀವು ಕೇಳಬಹುದು. ಹಗುರವಾಗಿತ್ತು, ಅದಕ್ಕೆ. ನಾನಿರುವ ಕುಂದಾಪುರದಿಂದ ವಾರಕ್ಕೊಮ್ಮೆ ಬೈಂದೂರಿಗೆ ಹೊತ್ತೊಯ್ಯಲು ಸುಲಭವಾಗಿತ್ತು. ಅದರ ಮೈಕು ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ಅಮ್ಮ ವ್ಯಾಪಾರ ಬಿಟ್ಟು, ಬುಟ್ಟಿ ಇಳಿಸಿ ಮನೆಯಲ್ಲಿ ಕೂತ ಮೇಲೆ, ಭಾನುವಾರ ಮಧ್ಯಾಹ್ನ ಊಟವಾದದ್ದೇ ಅದನ್ನು ಅವಳ ಪಕ್ಕ ತೆರೆದಿಟ್ಟು ಮಾತಾಡಿಸುತ್ತಿದ್ದೆ. ಸಿದ್ದಾಪುರದ ಯಾವ ಮನೆಯವರು ಬಂಗುಡೆಯ ಕಣ್ಣು ನೋಡಿಯೇ ಕೊಳ್ಳುತ್ತಿದ್ದರು, ಯಾರು ಮೀನು ತಗೊಂಡು ಬಾಳೆಗೊನೆ ಕೊಡುತ್ತಿದ್ದರು, ಬುಟ್ಟಿಯ ನೀರು ಸೋರುತ್ತದೆಂದು ಬೈದ ಕಂಡಕ್ಟರಿಗೆ ತಾನು ಏನು ಹೇಳಿದೆ, ಎಲ್ಲ ಹೇಳುತ್ತಿದ್ದಳು. ಹನ್ನೊಂದು ಭಾನುವಾರಗಳ ಮಾತು ಅದರಲ್ಲಿತ್ತು. ಹನ್ನೆರಡನೆಯ ಭಾನುವಾರಕ್ಕೆ ಮೊದಲೇ ಅಮ್ಮನಿಗೆ ಪಾರ್ಶ್ವವಾಯು ಹೊಡೆದು, ಬಲಗೈಯೂ ಮಾತೂ ಒಟ್ಟಿಗೆ ನಿಂತವು.

ಮಾತು ಕಲಿಸಲು ಬರುತ್ತಿದ್ದ ಮೇಡಂ ಈ ರೆಕಾರ್ಡುಗಳ ವಿಷಯ ಕೇಳಿ, "ಅವರದೇ ದನಿ, ಅವರದೇ ಮಾತು, ದಿನಾ ಒಂದೇ ಹೊತ್ತಿಗೆ ಕೇಳಿಸಿ ನೋಡಿ" ಎಂದರು. ಲ್ಯಾಪ್‌ಟಾಪನ್ನು ಬೈಂದೂರಿನಲ್ಲೇ ಬಿಟ್ಟೆ. ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಅಕ್ಕ ದಿನಾ ಬೆಳಿಗ್ಗೆ ಹತ್ತು ಗಂಟೆಗೆ, ಅಂದರೆ ಅಮ್ಮ ಸಿದ್ದಾಪುರದಲ್ಲಿ ಬಸ್ಸಿಳಿಯುತ್ತಿದ್ದ ಹೊತ್ತಿಗೆ, ಅದನ್ನು ಹಾಕುತ್ತಿದ್ದಳು. ಮೂರು ವಾರದ ಮೇಲೆ ಅಕ್ಕನ ಫೋನ್ ಬಂತು. "ಕಂಡಕ್ಟರ್ನ ಕತಿ ಬಪ್ಪೊತ್ತಿಗೆ ಅಮ್ಮನ್ ತುಟಿ ಆಡ್ತ್ ಮಾರಾಯ್ತಿ! ದನಿ ಒಂದ್ ಬಪ್ಪುಕ್ ಬಾಕಿ."

ಆಯುಧ ಪೂಜೆ ಬಂದದ್ದು ಅದಾಗಿ ನಾಲ್ಕೈದು ದಿನಕ್ಕೆ.

ನಮ್ಮ ಮನೆಯಲ್ಲಿ ಆ ಪೂಜೆ ಮಾಡುವವಳು ಅಮ್ಮ. ಮೀನು ಕೊಯ್ಯುವ ಕತ್ತಿ, ಬುಟ್ಟಿ, ತಕ್ಕಡಿ, ಅವುಗಳ ಸಾಲಿನಲ್ಲಿ ಕಂಪ್ಯೂಟರ್. ಕುಂಕುಮ ಹಚ್ಚಿ, ಹೂವಿಟ್ಟು, ಮಾವಿನೆಲೆಯಿಂದ ತೀರ್ಥ ಚಿಮುಕಿಸುವುದು. ಮೊದಲ ಡಬ್ಬದ ತಗಡಿನ ಮೇಲೆ ಬಿದ್ದ ನೀರು ಹೊರಗೇ ಇಳಿದುಹೋಗುತ್ತಿತ್ತು. ದಪ್ಪ ಲ್ಯಾಪ್‌ಟಾಪಿನ ಕೀಲಿಗಳ ಮೇಲೂ ಒಂದು ವರ್ಷ ಬಿದ್ದಿತ್ತು; ಬ್ಯಾಟರಿ ಕಿತ್ತು, ಕವುಚಿ ಹಾಕಿ, ಎರಡು ದಿನ ಒಣಗಿಸಿದೆ, ಮುಗಿಯಿತು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಏನೂ ಆಗಿರಲಿಲ್ಲ. ಈ ಸಲ ಅಮ್ಮನ ಎಡಗೈಗೆ ಮಾವಿನೆಲೆ ಹಿಡಿಸಿ, ಆ ಕೈಯನ್ನು ನಾನು ಹಿಡಿದುಕೊಂಡೆ. ಕತ್ತಿಗೆ ಚಿಮುಕಿಸಿದಳು, ಬುಟ್ಟಿಗೆ ಚಿಮುಕಿಸಿದಳು. ಹೂವಿಡಲೆಂದು ತೆರೆದಿಟ್ಟ ಲ್ಯಾಪ್‌ಟಾಪಿನ ಹತ್ತಿರ ಬರುವಾಗ ಅವಳ ಕೈ ನನ್ನ ಹಿಡಿತ ತಪ್ಪಿತು. ನನ್ನ ಇನ್ನೊಂದು ಕೈಯಲ್ಲಿದ್ದ ತಂಬಿಗೆಗೆ ತಾಗಿ ಅರ್ಧ ತಂಬಿಗೆ ನೀರು ಕೀಲಿಗಳ ಮೇಲೆ ಹೋಯಿತು.

ಪೂಜೆಗೆ ಮೊದಲೇ ಸ್ವಿಚ್ಚು ಒತ್ತಿ ಆರಿಸಿದ್ದೇನೆ ಅಂದುಕೊಂಡಿದ್ದೆ. ಆದರೆ ಅದು ಆರುವುದಿಲ್ಲ, ಮಲಗುತ್ತದೆ. ಒಳಗೆ ಕರೆಂಟು ಹರಿಯುತ್ತಲೇ ಇರುತ್ತದೆ. ಕಿತ್ತು ಎಸೆಯೋಣವೆಂದರೆ ಬ್ಯಾಟರಿ ಕೈಗೆ ಸಿಗುವಂತಿಲ್ಲ. ಕವುಚಿ ಹಾಕಿ, ಮೀನಿನ ಕತ್ತಿಯಿಂದಲೇ ರಬ್ಬರಿನ ಕಾಲುಗಳನ್ನು ಎಬ್ಬಿಸಿದೆ. ಅಡಿಯಲ್ಲಿ ನಕ್ಷತ್ರದ ತಲೆಯ ಸ್ಕ್ರೂಗಳು ನನ್ನನ್ನೇ ನೋಡುತ್ತಿದ್ದವು. ಅವುಗಳ ಸ್ಕ್ರೂಡ್ರೈವರ್ ಕುಂದಾಪುರದ ಅಂಗಡಿಯಲ್ಲಿತ್ತು. ನಾಲ್ಕು ಸಾಮಾನ್ಯ ಸ್ಕ್ರೂ ಹಾಕಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಅಂಗಡಿಗೆ ಹೋಗಿ ಬಿಚ್ಚುವಷ್ಟರಲ್ಲಿ ಬೋರ್ಡಿನ ಮೇಲೆ ಸುಟ್ಟ ಕಲೆ ಮೂಡಿತ್ತು.

ಬ್ರಹ್ಮಾವರದ ಸರ್ವಿಸ್ ಕೌಂಟರಿಗೆ ಒಯ್ದೆ. ಕುತ್ತಿಗೆಗೆ ಕಾರ್ಡು ತೂಗುಹಾಕಿಕೊಂಡವರು ಪರದೆ ನೋಡುತ್ತ ಕೇಳಿದರು.

"ಯಾವ ಲಿಕ್ವಿಡ್ ಮೇಡಂ? ಕಾಫಿ, ಟೀ, ಜ್ಯೂಸ್?"

"ತೀರ್ಥ."

ಅವರ ಪಟ್ಟಿಯಲ್ಲಿ ಅದು ಇರಲಿಲ್ಲ. "ಇತರೆ" ಎಂದು ಒತ್ತಿದರು.

"ಬೋರ್ಡ್ ಹೊಸದು ಹಾಕ್ಬೇಕು. ಡೇಟಾ ಸಿಗಲ್ಲ."

"ಡಿಸ್ಕ್ ಒಂದನ್ನು ತೆಗೆದುಕೊಡಿ."

"ಡಿಸ್ಕ್ ಅಂತ ಬೇರೆ ಇಲ್ಲ ಮೇಡಂ. ಬೋರ್ಡಲ್ಲೇ ಇದೆ."

ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಗಿರಾಕಿಯ ಹಾಗೆ ಕೇಳಿದೆ. ಆಮೇಲೆ ಅವರು, "ಬ್ಯಾಕಪ್ ಇಟ್ಕೊಂಡಿಲ್ವಾ?" ಎಂದರು. ಇಪ್ಪತ್ತು ವರ್ಷದಿಂದ ನಾನು ಎಲ್ಲರನ್ನೂ ಕೇಳುತ್ತ ಬಂದ ಪ್ರಶ್ನೆ, ಅದೇ ರಾಗದಲ್ಲಿ. ಇಟ್ಟುಕೊಂಡಿರಲಿಲ್ಲ. ನನ್ನ ಪೆನ್‌ಡ್ರೈವ್ ಆ ಯಂತ್ರಕ್ಕೆ ಹೊಂದುತ್ತಿರಲಿಲ್ಲ, ಹೊಂದಿಸುವ ತುಂಡು ವೈರನ್ನು ಪ್ರತಿ ಸಲ ಅಂಗಡಿಯಲ್ಲೇ ಮರೆತು ಬರುತ್ತಿದ್ದೆ. ಆನ್‌ಲೈನಿನಲ್ಲಿ ಜಾಗ ತುಂಬಿದೆ ಎಂದು ಅದು ಹೇಳಿದಾಗಲೆಲ್ಲ "ಆಮೇಲೆ" ಎಂದು ಒತ್ತುತ್ತಿದ್ದೆ. ಕಂಪನಿಯ ಮೇಲಿನ ಸಿಟ್ಟು ಒಂದು ಪಾಲಾದರೆ ನನ್ನ ಮೇಲಿನದು ಎರಡು ಪಾಲು. ವಾಪಸು ಬರುವ ಬಸ್ಸು ಕುಂಭಾಶಿ ದಾಟುವ ಮೊದಲೇ ಫೋನಿಗೆ ಸಂದೇಶ ಬಂತು, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು. ಅವರ ಸ್ಕ್ರೂಗಳ ತಲೆಯಲ್ಲಿರುವಷ್ಟು ಸಾಲದೇ ಇವರಿಗೆ?

ಪೂಜೆಯ ಮಾರನೆಯ ದಿನ ಹತ್ತು ಗಂಟೆಗೆ, ಲ್ಯಾಪ್‌ಟಾಪ್ ಇಡುತ್ತಿದ್ದ ಸ್ಟೂಲಿನ ಕಡೆ ಅಮ್ಮ ನೋಡಿದಳಂತೆ. ಅದರ ಮರುದಿನವೂ ನೋಡಿದಳಂತೆ. ನಾಲ್ಕನೆಯ ದಿನ ಗೋಡೆಯ ಕಡೆ ತಿರುಗಿ ಮಲಗಿದಳು. ಅಕ್ಕ ಇದನ್ನು ಫೋನಿನಲ್ಲಿ ಹೇಳಿ, ನನ್ನನ್ನು ಒಂದು ಮಾತೂ ಬೈಯದೆ ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಮೊದಲ ಡಬ್ಬ ನೆನಪಾದದ್ದು ಆಗ. ಕೆಟ್ಟ ಯಂತ್ರಗಳನ್ನೆಲ್ಲ ನಾನು ಗುಜರಿಗೆ ಹಾಕಿದ್ದೇನೆ. ಅದೊಂದನ್ನು ಹಾಕಲು ಅಮ್ಮ ಬಿಟ್ಟಿರಲಿಲ್ಲ. ಗುಜರಿಯವನು ತಕ್ಕಡಿ ಹಿಡಿದು ಅಂಗಳದಲ್ಲಿ ನಿಂತಿದ್ದಾಗ ಅಡ್ಡ ನಿಂತು, "ದೇವ್ರ್ ಎದ್ರ್ ಪೂಜೆ ಆದದ್ದನ್ನ ಗುಜ್ರಿಗ್ ಹಾಕುಕಿಲ್ಲ" ಎಂದು ಅವನನ್ನು ಓಡಿಸಿದ್ದಳು. ಹಳೆಯ ಸೀರೆ ಸುತ್ತಿ ಅಟ್ಟದಲ್ಲಿಟ್ಟಿದ್ದಳು. ಪ್ರತಿ ಆಯುಧ ಪೂಜೆಗೆ ನನ್ನನ್ನೇ ಅಟ್ಟಕ್ಕೆ ಹತ್ತಿಸಿ ಅದಕ್ಕೂ ಕುಂಕುಮ ಹಚ್ಚಿಸುತ್ತಿದ್ದಳು. ನಾನು ಗೊಣಗುತ್ತ ಹಚ್ಚುತ್ತಿದ್ದೆ.

ಆ ಭಾನುವಾರ ಅದನ್ನು ಇಳಿಸಿ ಜಗಲಿಯ ಮೇಲಿಟ್ಟೆ. ತಗಡಿನ ಮೇಲೆ ವರ್ಷವರ್ಷದ ಕುಂಕುಮ ಒಂದರ ಮೇಲೊಂದು ಕೂತು ದಪ್ಪ ಪದರವಾಗಿತ್ತು. ನಾಣ್ಯ ಹಾಕಿ ತಿರುಗಿಸಿದೆ. ಮೂರು ಸ್ಕ್ರೂ ಬಂದವು, ನಾಲ್ಕನೆಯದಕ್ಕೆ ಒಂದು ಹನಿ ತೆಂಗಿನೆಣ್ಣೆ ಬೇಕಾಯಿತು. ಡಿಸ್ಕು ತನ್ನ ಜಾಗದಲ್ಲೇ ಇತ್ತು. ಅಂಗಡಿಗೆ ಒಯ್ದು, ಅದರ ಹಲ್ಲು ಉಜ್ಜಿ, ವೈರು ಸಿಕ್ಕಿಸಿದೆ. ಎರಡು ಸಲ ಕಿರ್ರೆಂದು ನಿಂತಿತು. ಮೂರನೆಯ ಸಲಕ್ಕೆ ತಿರುಗಿತು. ನಾನು ಅಂಗಡಿಯ ಬಾಗಿಲು ಎಳೆದುಕೊಂಡು ಅತ್ತೆ.

ಅದರಲ್ಲಿದ್ದ ಅಮ್ಮನ ದನಿ ಒಂದೇ ಒಂದು. ಕಂಪ್ಯೂಟರ್ ತಂದ ವಾರ, ಮೈಕು ಹಿಡಿದು ಪರೀಕ್ಷೆ ಮಾಡುತ್ತಿದ್ದಾಗ ಸಿದ್ದಾಪುರದಿಂದ ಬಂದ ಅಮ್ಮ ಬುಟ್ಟಿ ಇಳಿಸುತ್ತ ಬೈದದ್ದು. ನಲವತ್ತು ಸೆಕೆಂಡು. ಮೊದಲು ಅದರ ನಕಲನ್ನು ಏಳು ಕಡೆ ಇಟ್ಟೆ. ಆಮೇಲೆ ಬೈಂದೂರಿನ ಬಸ್ಸು ಹತ್ತಿದೆ.

ಮಾರನೆಯ ದಿನ ಹತ್ತು ಗಂಟೆಗೆ, ಅದೇ ಸ್ಟೂಲಿನ ಮೇಲೆ ನನ್ನ ಫೋನು ಇಟ್ಟು ಹಾಕಿದೆ. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಹ್ವಾಯ್, ಎಂತ ಹೆಣ್ಣೇ ಇದ್? ಇದ್ರೊಳ್ಗೆ ಮೀನ್ ಹಾಕುಕ್ ಆತ್ತಾ? ಅನ್ನ ಬೇಯ್ಸುಕ್ ಆತ್ತಾ? ಮತ್ತೆಂತಕೆ ತಂದದ್? ಬೆಳಿಗ್ಗಿಂದ ಅದ್ರೆದ್ರೇ ಕೂತಿದ್ದಿ, ಒಂದ್ ಕೊಡ ನೀರ್ ತಂದಿದ್ಯಾ?"

ಅಮ್ಮ ನಿಧಾನವಾಗಿ ಇತ್ತ ತಿರುಗಿದಳು. ಫೋನು ಬೈಯುತ್ತಲೇ ಇತ್ತು. ಅವಳು ಅದನ್ನು ದಿಟ್ಟಿಸಿ ನೋಡಿದಳು. ಯಾರೀಕೆ, ನನ್ನ ಮನೆಯಲ್ಲಿ ಕೂತು ನನ್ನ ಮಗಳಿಗೆ ಬೈಯುವವಳು ಎಂಬಂತೆ ಹುಬ್ಬು ಗಂಟಿಕ್ಕಿತು. ಎಡಗೈ ಮೇಲೆದ್ದಿತು. ತುಟಿ ಎರಡು ಸಲ ಸುಮ್ಮನೆ ಆಡಿತು. ಮೂರನೆಯ ಸಲ ದನಿ ಬಂತು, ಒಡೆದ ದನಿ, ಆದರೆ ಅವಳದೇ.

"ಬಾಯ್ ಮುಚ್ಚ್!"

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಾಗಿಲಿಂದ ಒಳಗೆ ಓಡಿ ಬಂದಳು. ಹನ್ನೊಂದು ಭಾನುವಾರಗಳು ವಾಪಸು ಬರುವುದಿಲ್ಲ. ಆ ಸಿಟ್ಟು ನನಗೆ ಸಾಯುವ ತನಕ ಹೋಗುವುದೂ ಇಲ್ಲ.

"ಇನ್ನೊಂದ್ ಸಲ ಹಾಕ್" ಎಂದಳು ಅಕ್ಕ.

ಹಾಕಿದೆ. ಅಮ್ಮ ಮತ್ತೆ ಬೈದಳು, ಈ ಸಲ ನನ್ನ ಕಡೆ ತಿರುಗಿ.