ಕುಸುಮಕ್ಕನ ಬ್ಲೂ-ರೇ ಪ್ಲೇಯರ್

ಕುಸುಮಕ್ಕನ ಜೊತೆ ಜಗಳವಾಡಿ ಗೆದ್ದವರು ಮೂಡಲಪಾಳ್ಯದಲ್ಲಿ ಒಬ್ಬರೂ ಇಲ್ಲ. ನಮ್ಮ ಮಾತು ಜೋರಾಗುತ್ತಿದ್ದಂತೆ ಅವರು ಕಣ್ಣು ಕೆಳಗೆ ಹಾಕಿ ಹೊಲಿಗೆ ಮಿಷನ್ ತುಳಿಯಲು ಶುರುಮಾಡುತ್ತಾರೆ. ಅಲ್ಲಿಗೆ ಮುಗಿಯಿತು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಮೆದುಳು ಜ್ವರ ಬಂದು ಅವರ ಎರಡು ಕಿವಿಯೂ ಹೋದವು. ಅಂದಿನಿಂದ ಎದುರಿಗಿರುವವರ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಾರೆ. ಅವರು ಮುಖ ತಿರುಗಿಸಿದರೆ ನೀವು ಗಂಟಲು ಹರಿದುಕೊಂಡರೂ ಪ್ರಯೋಜನವಿಲ್ಲ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳ ಬಾಯಿ ಮುಚ್ಚಿಸಿದ ನಾನು, ಅವರ ಮನೆಯ ಮಹಡಿಗೆ ಬಾಡಿಗೆಗೆ ಬಂದ ಎಂಟು ವರ್ಷದಿಂದ ಈ ಒಬ್ಬ ಹೆಂಗಸಿನ ಮುಂದೆ ಸೋಲುತ್ತಲೇ ಇದ್ದೇನೆ.

ಅವರಿಗೆ ಈಗ ಐವತ್ತೆಂಟು. ಬ್ಲೌಸ್ ಹೊಲಿಯುತ್ತಾರೆ. ಗಂಡ ಮೋಹನ್ ಕುಮಾರ್ ರಾಜಾಜಿನಗರದ ಪ್ರೆಸ್ಸೊಂದರಲ್ಲಿ ಕೆಲಸದಲ್ಲಿದ್ದವರು, ನಾನು ಬರುವ ಮೊದಲೇ ತೀರಿಕೊಂಡಿದ್ದರು. ಒಬ್ಬಳೇ ಮಗಳು ಚೈತ್ರ ಕೆಂಗೇರಿಯಲ್ಲಿದ್ದಾಳೆ, ಭಾನುವಾರ ತಪ್ಪದೆ ಬರುತ್ತಾಳೆ. ಕುಸುಮಕ್ಕನ ಮನರಂಜನೆ ಎಂದರೆ ಆ ಮಗಳ ಮದುವೆಯ ಡಿವಿಡಿ, ಅಷ್ಟೇ. ಹತ್ತು ವರ್ಷ ಅದನ್ನೇ ನೋಡಿದರು. ಕಳೆದ ಶ್ರಾವಣದಲ್ಲಿ ಡಿವಿಡಿ ಪ್ಲೇಯರ್ ಕೈಕೊಟ್ಟಿತು.

“ಬಿಸಾಕಮ್ಮ ಅದನ್ನ. ಪೆನ್‌ಡ್ರೈವ್‌ಗೆ ಹಾಕಿಸ್ಕೊಡ್ತೀನಿ, ಟೀವಿಗೆ ಚುಚ್ಚಿದ್ರೆ ಆಯ್ತು,” ಎಂದಳು ಚೈತ್ರ. ಹಾಕಿಸಿಯೂ ತಂದಳು. ಮೊದಲೇ ಮಸುಕಾಗಿದ್ದ ಚಿತ್ರ ಇನ್ನಷ್ಟು ಕೆಟ್ಟು, ಮುಖಗಳೆಲ್ಲ ನೀರಲ್ಲಿ ಕಲಸಿದ ಹಿಟ್ಟಿನಂತೆ ಕಂಡವು. ಕುಸುಮಕ್ಕ ಎರಡು ನಿಮಿಷ ನೋಡಿ, ಎದ್ದು ಹೋಗಿ ಷೋಕೇಸನ್ನೇ ಖಾಲಿ ಮಾಡಿದರು. ಮದುವೆ ಆಲ್ಬಮ್ಮಿನ ಹಿಂದೆ ನೀಲಿ ಬಣ್ಣದ ಡಬ್ಬಿಯೊಂದು ಸಿಕ್ಕಿತು. ಸ್ಟುಡಿಯೋದವರು ಡಿವಿಡಿಯ ಜೊತೆಗೇ ಕೊಟ್ಟಿದ್ದಂತೆ. ಇನ್ನೊಂದು ಕಾಪಿ ಇರಬೇಕು ಎಂದುಕೊಂಡು ಮನೆಯವರು ಯಾರೂ ಅದನ್ನು ತೆರೆದಿರಲಿಲ್ಲ.

ನಾನು ಕನ್ನಡಕ ಹಾಕಿ ಓದಿದೆ. “ಇದು ಬ್ಲೂ-ರೇ ಕುಸುಮಕ್ಕ. ನಿಮ್ಮ ಹಳೇ ಪ್ಲೇಯರಲ್ಲಿ ಓಡ್ತಾನೇ ಇರ್ಲಿಲ್ಲ. ಬೇರೆ ಮಿಷನ್ ಬೇಕು. ಇದ್ರಲ್ಲಿ ಚಿತ್ರ ಎಚ್‌ಡಿ, ತುಂಬಾ ಸ್ಪಷ್ಟ.”

“ಮುಖ ಸರಿಯಾಗಿ ಕಾಣುತ್ತಾ?”

“ರೆಪ್ಪೆ ಎಣಿಸ್ಬೋದು.”

“ತುಟಿ?”

“ತುಟೀನೂ ಮುಖದಲ್ಲೇ ತಾನೇ ಇರೋದು?” ಎಂದು ನಕ್ಕೆ. ಅವರು ನಗಲಿಲ್ಲ.

ಆ ಭಾನುವಾರ ತಾಯಿ ಮಗಳಿಗೆ ಜಟಾಪಟಿಯೇ ಆಯಿತು. ಚೈತ್ರಳದ್ದು ತಪ್ಪೆಂದು ಹೇಳಲಾರೆ. ಯಾರೂ ಕೊಳ್ಳದ, ರಿಪೇರಿಗೂ ಜನ ಸಿಗದ ಯಂತ್ರವನ್ನು ಒಂದೇ ಒಂದು ಡಿಸ್ಕಿಗಾಗಿ ತಂದಿಟ್ಟುಕೊಳ್ಳುವುದು ಯಾವ ಬುದ್ಧಿವಂತಿಕೆ? ಕೊನೆಗೆ ಅವಳು, “ನಿನಗೆ ಸೌಂಡೂ ಕೇಳಲ್ಲ, ಎಚ್‌ಡಿ ತಗೊಂಡು ಏನ್ ಮಾಡ್ತೀಯಮ್ಮಾ?” ಎಂದುಬಿಟ್ಟಳು. ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡಳು. ಕುಸುಮಕ್ಕ ಕಣ್ಣು ಕೆಳಗೆ ಹಾಕಿ ಮಿಷನ್ ತುಳಿದರು.

ಅವಳು ಹೋದ ಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಕಾರಣ ಹೇಳಿದರು. ಅವರ ದನಿ ಯಾವಾಗಲೂ ದೊಡ್ಡದು. ಅಂದು ಮಾತ್ರ ಬಗ್ಗಿ ಕೇಳಿಸಿಕೊಳ್ಳುವಂತಿತ್ತು.

ಮದುವೆಯ ಬೆಳಿಗ್ಗೆ, ಧಾರೆಗೆ ಇನ್ನು ಅರ್ಧ ಗಂಟೆ ಇದೆ ಎನ್ನುವಾಗ, ಮೋಹನ್ ಕುಮಾರರ ಅಣ್ಣ ಭೈರೇಶ್ ಛತ್ರದ ಆ ಬದಿಯಲ್ಲಿ ನಿಂತು ತಮ್ಮನಿಗೆ ಹೇಳುತ್ತಿದ್ದರು: “ಪುರೋಹಿತರು ಹೇಳಿದ್ದು ಕುಸುಮಂಗೆ ಕೇಳಲ್ಲ. ಎಲ್ಲಾದ್ರೂ ಎಡವಟ್ಟಾಗಿ ಮುಹೂರ್ತ ಮೀರಿದ್ರೆ? ನಾನೂ ನಮ್ಮನೆಯವ್ಳೂ ಧಾರೆ ಎರೆದು ಕೊಡ್ತೀವಿ ಬಿಡು.” ಕಿವಿ ಕೇಳದವರ ಹಿಂದೆ ಏನು ಬೇಕಾದರೂ ಮಾತಾಡಬಹುದು ಎಂದು ಆ ಮನುಷ್ಯ ತಿಳಿದಿದ್ದರು. ನಲವತ್ತು ಅಡಿ ದೂರದಿಂದ ಕುಸುಮಕ್ಕ ಒಂದಕ್ಷರ ಬಿಡದೆ ಓದಿಕೊಂಡಿದ್ದರು. ಗಂಡ ಏನು ಹೇಳುತ್ತಾರೆಂದು ಕಾದರು. ಗಂಡ ನೆಲ ನೋಡುತ್ತ ನಿಂತರು, ತುಟಿ ಅಲ್ಲಾಡಲಿಲ್ಲ.

ಕುಸುಮಕ್ಕ ನೇರವಾಗಿ ಮಂಟಪ ಹತ್ತಿ ತಮ್ಮ ಜಾಗದಲ್ಲಿ ನಿಂತರು. ಏನು ಆದ ಮೇಲೆ ಏನು ಎಂದು ಹಿಂದಿನ ದಿನವೇ ಪುರೋಹಿತರ ಎದುರು ಕೂತು ಬರೆದುಕೊಂಡು ಬಾಯಿಪಾಠ ಮಾಡಿದ್ದರು. ಕೆಳಗಿಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ಗಂಡನ ಪಕ್ಕದಲ್ಲೇ ನಿಂತು ಒಂದು ತಪ್ಪೂ ಇಲ್ಲದೆ ಧಾರೆ ಎರೆದರು. ಆದರೆ ಗಂಡನ ಮುಖ ನೋಡಲಿಲ್ಲ. ಅವರ ಹತ್ತಿರ ಇದ್ದ ಶಿಕ್ಷೆ ಅದೊಂದೇ, ಅದನ್ನು ಪೂರ್ತಿ ಕೊಟ್ಟರು. ಮದುವೆ ಮುಗಿದ ಮೇಲೆ ಊಟ, ತಿಂಡಿ, ಮಗಳ ಮನೆ ಎಂದು ಮಾತುಕತೆ ನಡೆಯಿತು. ಆ ವಿಷಯವನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಹನ್ನೊಂದು ತಿಂಗಳಿಗೆ ಮೋಹನ್ ಕುಮಾರ್ ಪ್ರೆಸ್ಸಿನಲ್ಲೇ ಎದೆ ಹಿಡಿದುಕೊಂಡು ಕುಸಿದವರು ಏಳಲಿಲ್ಲ.

“ಅವ್ರು ಹೋದ್ಮೇಲೆ ವಿಡಿಯೋ ನೋಡ್ದಾಗ್ಲೇ ಗೊತ್ತಾಗಿದ್ದು ಸೀತಾ ಮೇಡಂ,” ಎಂದರು ಕುಸುಮಕ್ಕ. “ನಾನು ನೀರು ಬಿಡ್ತಾ ಇದೀನಿ. ಅವ್ರು ನನ್ ಕಡೆ ತಿರುಗಿ ಏನೋ ಹೇಳ್ತಾರೆ. ಒಂದ್ ಮಾತಲ್ಲ, ಉದ್ದಕ್ಕೆ ಹೇಳ್ತಾರೆ. ಡಿವಿಡೀಲಿ ಬಾಯಿ ಬರೀ ಒಂದು ಚುಕ್ಕಿ. ಅಪ್ಪ ಅಂದ್ರೂ ಅಮ್ಮ ಅಂದ್ರೂ ತುಟಿ ಒಂದೇ ಥರ ಸೇರೋದು, ಕೆನ್ನೆ, ಗಲ್ಲ ಎಲ್ಲಾ ಕಂಡ್ರೆ ಮಾತ್ರ ನಂಗೆ ಗೊತ್ತಾಗೋದು. ಹತ್ತು ವರ್ಷದಿಂದ ಆ ಚುಕ್ಕಿ ನೋಡ್ತಾ ಇದೀನಿ.”

ಕಿವಿ ಇರುವವರು ಕೇಳಿ ಹೇಳಬಾರದಿತ್ತೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಧಾರೆಯ ಹೊತ್ತಿನ ವಾದ್ಯದ ಸದ್ದಿನಲ್ಲಿ ಪಕ್ಕದಲ್ಲಿದ್ದವರಿಗೂ ಏನೂ ಕೇಳಿಸಿರಲಿಲ್ಲ. ನಮ್ಮ ಮದುವೆ ವಿಡಿಯೋಗಳ ಪದ್ಧತಿ ನಿಮಗೂ ಗೊತ್ತೇ ಇದೆ. ಛತ್ರದ ಸದ್ದನ್ನೆಲ್ಲ ಒರೆಸಿ ಹಾಕಿ ಉದ್ದಕ್ಕೂ ಸಿನಿಮಾ ಹಾಡು ತುಂಬುತ್ತಾರೆ. ಧಾರೆಗೊಂದು, ಸಪ್ತಪದಿಗೊಂದು, ಊಟದ ಸಾಲಿಗೊಂದು. ಒಂದೊಂದು ಹಾಡನ್ನೂ ಸ್ಟುಡಿಯೋದಲ್ಲಿ ಕೂತು ಆರಿಸಿದವಳು ಚೈತ್ರ. ಮಾತು ಎಂದೋ ಅಳಿಸಿಹೋಗಿತ್ತು. ಉಳಿದಿದ್ದರೆ ತುಟಿಯಲ್ಲಿ ಮಾತ್ರ ಉಳಿದಿತ್ತು, ಅದನ್ನು ಓದಬಲ್ಲವರು ಮನೆಯಲ್ಲಿ ಒಬ್ಬರೇ.

ನಾನು ಸುಮ್ಮನಿರಲಾಗದೆ ಕೇಳಿಯೇಬಿಟ್ಟೆ. “ಕುಸುಮಕ್ಕ, ಬೈದಿದ್ರೆ? ‘ಸರಿಯಾಗಿ ನಿಂತ್ಕೋ, ಮಾನ ಕಳೀಬೇಡ’ ಅಂದಿದ್ರೆ? ಗೊತ್ತಿಲ್ದೆ ಇರೋದೇ ಒಳ್ಳೇದಲ್ವಾ?”

“ಬೈದಿದ್ರೆ ಬೈಸ್ಕೋತೀನಿ. ನಂಗ್ ಹೇಳಿದ್ ಮಾತು, ನಂಗೆ ಸೇರ್ಬೇಕು.”

ಮಾರನೆಯ ದಿನ ಹೊಲಿಯಬೇಕಾದ ಬಟ್ಟೆಗಳನ್ನು ಪಕ್ಕಕ್ಕಿಟ್ಟು ಹೊರಟೇಬಿಟ್ಟರು. ನಾನೂ ಜೊತೆಗೆ ಹೋದೆ. ವಿಜಯನಗರದಲ್ಲಿ ಮೂರು ಅಂಗಡಿ ಹತ್ತಿ ಇಳಿದೆವು. ಮೊದಲನೆಯವನು ಮೊಬೈಲಿನಿಂದ ತಲೆ ಎತ್ತದೆಯೇ “ಬ್ಲೂ-ರೇ ಈಗೆಲ್ಲಿ ಬರುತ್ತೆ ಆಂಟಿ” ಎಂದ. “ತಲೆ ಎತ್ತಿ ಮಾತಾಡಪ್ಪಾ,” ಎಂದು ಕುಸುಮಕ್ಕ ಗುಡುಗಿದ್ದಕ್ಕೆ ಪಕ್ಕದ ಗಿರಾಕಿಗಳೂ ತಲೆ ಎತ್ತಿದರು. ಎರಡನೆಯವನಿಗೆ ಅದು ಏನೆಂದೇ ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನುವ ಬದಲು ಹೊಸ ಟೀವಿ ಮಾರಲು ನೋಡಿದ. ಮೂರನೆಯವರು ಒಳ್ಳೆಯವರು. ಬಸವೇಶ್ವರನಗರದಲ್ಲಿ ಆತ್ರೇಯ ಎಂಬೊಬ್ಬರಿದ್ದಾರೆ, ಡಿಸ್ಕುಗಳ ಹುಚ್ಚು, ಎರಡು ಪ್ಲೇಯರ್ ಇವೆ, ಒಂದನ್ನು ಕೊಡುತ್ತಾರೇನೋ ಕೇಳಿ ಎಂದು ನಂಬರ್ ಬರೆದುಕೊಟ್ಟರು.

ಆತ್ರೇಯರು ಬ್ಯಾಂಕಿನಿಂದ ನಿವೃತ್ತರಾದವರು. ಗೋಡೆ ತುಂಬ ಡಿಸ್ಕು, ಮೂಲೆಗೊಂದು ಸ್ಪೀಕರು. ಕಾಫಿ ಕೊಟ್ಟು, ಅರ್ಧ ಗಂಟೆ ಬರೀ ಶಬ್ದದ ಬಗ್ಗೆಯೇ ಮಾತಾಡಿದರು. “ನಿಮ್ಮನೇಲಿ ಎಷ್ಟು ಸ್ಪೀಕರ್ ಇವೆ ಮೇಡಂ?” ಎಂದು ಕೊನೆಗೆ ಕೇಳಿದರು.

“ಒಂದೂ ಇಲ್ಲ. ಸೌಂಡ್ ಬೇಡ ನಂಗೆ.”

ಪಾಪ, ಆ ಮನುಷ್ಯರ ಮುಖ ನೋಡಬೇಕಿತ್ತು. ಹೆಣ್ಣು ಕೇಳಲು ಬಂದವರು ಮನೆ ನೋಡಿ ವಾಪಸ್ ಹೋದಾಗ ಹುಡುಗಿಯ ಅಪ್ಪ ಆಗುವಂತೆ ಆಗಿಬಿಟ್ಟರು. ನಾನು ವಿಷಯ ಬಿಡಿಸಿ ಹೇಳಿದೆ. ಅವರು ಎದ್ದು, ಯಾವುದೋ ಕನ್ನಡ ಸಿನಿಮಾದ ಬ್ಲೂ-ರೇ ಹಾಕಿ, ಸ್ಪೀಕರುಗಳನ್ನೆಲ್ಲ ಆಫ್ ಮಾಡಿದರು. ತೆರೆಯ ಮೇಲೆ ಮುದುಕನೊಬ್ಬ ಮಗನಿಗೆ ಏನೋ ಹೇಳುತ್ತಿದ್ದ. ಕುಸುಮಕ್ಕ ರೇಡಿಯೋ ವಾರ್ತೆ ಓದುವವರಂತೆ ಅವನ ಮಾತನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಹೋದರು. ಆತ್ರೇಯರು ಚಿತ್ರವನ್ನು ಹಿಂದಕ್ಕೆ ಓಡಿಸಿ ಶಬ್ದ ಹಾಕಿ ತಾಳೆ ನೋಡಿದರು. ಎರಡು ಕಡೆ ಬಿಟ್ಟರೆ ಎಲ್ಲ ಸರಿ.

“ನಿಮ್ಮ ಡಿಸ್ಕೂ ಒಂದ್ಸಲ ಹಾಕಿ ನೋಡೋಣ. ಹತ್ತು ವರ್ಷ ಆಗಿದೆ, ಓಡುತ್ತೋ ಇಲ್ವೋ,” ಎಂದರು.

ಕುಸುಮಕ್ಕ ಚೀಲವನ್ನು ಎದೆಗೆ ಒತ್ತಿಕೊಂಡರು. “ಇಲ್ಲಿ ಬೇಡ ಸಾರ್. ಓಡ್ದೆ ಹೋದ್ರೆ ನನ್ ಹಣೇಬರಹ. ಪ್ಲೇಯರ್ ಮಾತ್ರ ನಂಗೆ ಬೇಕೇ ಬೇಕು.”

ಕೊಟ್ಟರು. ಟೀವಿಗೆ ಯಾವ ವೈರು ಎಲ್ಲಿ ಎಂದು ಚೀಟಿಯಲ್ಲಿ ಚಿತ್ರವನ್ನೂ ಬರೆದುಕೊಟ್ಟರು.

ಭಾನುವಾರ ಹನ್ನೊಂದು ಗಂಟೆಗೆ ಚೈತ್ರ ಬಂದಳು. ಷೋಕೇಸಿನ ಮೇಲೆ ಕುಳಿತಿದ್ದ ಕಪ್ಪು ಯಂತ್ರ ನೋಡಿ ಸೊಂಟದ ಮೇಲೆ ಕೈಯಿಟ್ಟಳು. ಕುಸುಮಕ್ಕ ಅವಳಿಗೂ ಎಲ್ಲ ಹೇಳಿದರು, ದೊಡ್ಡಪ್ಪನ ಮಾತು, ಅಪ್ಪನ ಮೌನ, ಎಲ್ಲ. ಹುಡುಗಿಗೆ ಏನೂ ಗೊತ್ತಿರಲಿಲ್ಲ. “ಆ ಹಾಡು ಹಾಕ್ಸಿದ್ದು ನಾನೇ ಅಲ್ವಾ,” ಎಂದು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು. ತಾಯಿಗೆ ಕಾಣಬಾರದೆಂದು ಹಾಗೆ ತಿರುಗಿದ್ದು.

ಡಿಸ್ಕ್ ಒಳಗೆ ಹೋಯಿತು. ಗರಗರ ಎಂದಿತು. ಒಂದು ನಿಮಿಷ ಬರೀ ನೀಲಿ ತೆರೆ. ಆಮೇಲೆ ಚಿತ್ರ ಬಂತು, ಹೂವಿನ ಎಸಳು ಎಸಳೂ ಕಾಣುವಂತೆ. ಮೋಹನ್ ಕುಮಾರರನ್ನು ನಾನು ಸರಿಯಾಗಿ ನೋಡಿದ್ದು ಅಂದೇ. ತೆಳು ಮೀಸೆ, ಹೊಸ ಶಲ್ಯ, ಕಿವಿಯ ಹತ್ತಿರ ಕ್ಷೌರದ ಗಾಯ.

ಧಾರೆ ಬಂತು. ಅವರು ಹೆಂಡತಿಯ ಕಡೆ ತಿರುಗಿದರು, ತುಟಿ ಅಲ್ಲಾಡಿತು. ಹೆಂಡತಿ ತಂಬಿಗೆಯ ಮೇಲಿಂದ ಕಣ್ಣು ಕೀಳಲಿಲ್ಲ. ಅವರು ಸ್ವಲ್ಪ ಕಾದು ಮತ್ತೆ ಏನೋ ಹೇಳಿದರು. ಆಮೇಲೆ ಶಲ್ಯದ ತುದಿಯಿಂದ ಮುಖ ಒರೆಸಿಕೊಂಡರು.

ಕುಸುಮಕ್ಕ ಚಿತ್ರವನ್ನು ಹಿಂದಕ್ಕೆ ಓಡಿಸಿದರು. ಮತ್ತೆ ನೋಡಿದರು. ಮತ್ತೆ ಹಿಂದಕ್ಕೆ. ನಾಲ್ಕನೆಯ ಸಲಕ್ಕೆ ಚಿತ್ರ ನಿಲ್ಲಿಸಿದರು. ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ನಾನು ಅವರನ್ನೇ ನೋಡುತ್ತಿದ್ದೆ.

“ಏನಂದ್ರಮ್ಮಾ ಅಪ್ಪ?” ಚೈತ್ರ ಅವರೆದುರು ಬಂದು ಕೇಳಿದಳು.

ಕುಸುಮಕ್ಕ ಗಂಡನ ಮಾತನ್ನು ಗಂಡ ಹೇಳಿದಂತೆಯೇ ಹೇಳಿದರು. “‘ಅಣ್ಣ ಹಂಗಂದಾಗ ನಾನ್ ಬಾಯ್ ಬಿಡ್ಬೇಕಿತ್ತು. ಬಿಡ್ಲಿಲ್ಲ. ತಪ್ಪಾಯ್ತು ಕುಸುಮಾ.’ ಆಮೇಲೆ, ‘ಒಂದ್ಸಲ ಈ ಕಡೆ ನೋಡೇ.’”

ಚೈತ್ರ ಅಲ್ಲೇ ಕುಸಿದು ಕೂತು ಅತ್ತಳು. ನನಗೂ ತಡೆಯಲಾಗಲಿಲ್ಲ. ಅಪ್ಪ ಮಗಳನ್ನು ಕಳಿಸಿಕೊಡುವ ಸಂಕಟಕ್ಕೆ ಮುಖ ಒರೆಸಿಕೊಂಡರು ಎಂದು ಹತ್ತು ವರ್ಷ ಎಲ್ಲರೂ ತಿಳಿದಿದ್ದರಂತೆ. ಗಂಡ ಕ್ಷಮೆ ಕೇಳಲೇ ಇಲ್ಲ ಎಂದು ಹತ್ತು ವರ್ಷ ಹೆಂಡತಿ ತಿಳಿದಿದ್ದರು. ಅವರು ಕೇಳಿದ್ದರು. ಮಂಟಪದ ಮೇಲೆ, ಅಷ್ಟು ಜನರ ಎದುರು, ತಿರುಗದ ಮುಖಕ್ಕೆ ಕೇಳಿದ್ದರು.

ಕುಸುಮಕ್ಕ ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೋಫಾದಿಂದ ಇಳಿದು, ಟೀವಿಯ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ರಿಮೋಟ್ ಒತ್ತಿ ಧಾರೆಯ ಮೊದಲಿಗೆ ಹೋದರು. ಮೋಹನ್ ಕುಮಾರ್ ಮತ್ತೆ ಅವರ ಕಡೆ ತಿರುಗಿದರು. ಬೀದಿಗೆಲ್ಲ ಕೇಳಿಸುವ ತಮ್ಮ ದೊಡ್ಡ ದನಿಯಲ್ಲಿ ಕುಸುಮಕ್ಕ ಹೇಳಿದರು:

“ನೋಡ್ತಾ ಇದೀನಿ ಕಣ್ರೀ, ಹೇಳಿ.”